ಷಡ್ಡಕನ ಡಬ್ಬ

"ಆ ಟೂಲು ನಂದು ಕಣ್ಲಾ. ಮಡಗು ಕೆಳಗೆ."

"ನಿಂದೂಂತ ಅದ್ರ ಮೇಲೆ ನಿನ್ನೆಸ್ರು ಕೊರ್ದೈತಾ ಅಣ್ಣ?"

"ಸಾಣೆ ಕಲ್ಲಿಗೆ ಇಡ್ದು ಮೊನೆ ಮಾಡ್ದೋನು ಯಾರು? ನೆನ್ನೆ ಒತ್ತು ಮುಣುಗೋಗಂಟ ಕಣ್ಣಿಗೆ ಕಿಡಿ ಆರಿಸ್ಕಂಡು ಕುಂತಿದ್ದೋನು ಯಾರು? ನಿಮ್ಮಪ್ಪನಾ?"

"ನಮ್ಮಪ್ಪನ್ನ ಯಾಕೆ ಎಳೀತೀಯ. ಟೂಲು ಮೇಸ್ತ್ರೀದು. ಮೊದ್ಲು ಬಂದೋರು ಎತ್ಕಂತಾರೆ."

"ಮೊದ್ಲು ಬಂದೋನು ನಾನು ಕಣ್ಲಾ. ಈ ಶೆಡ್ಡಿಗೂ ಮೊದ್ಲು ಬಂದೋನು ನಾನು, ಮಾವನ ಮನೇಗೂ ಮೊದ್ಲು ಅಳಿಯ ಆಗಿ ಓದೋನು ನಾನು. ಎಲ್ಡು ಕಡೇನೂ ನನ್ನಿಂದೆ ಬಂದು ನನ್ನ ಎಲೇಗೇ ಕೈ ಆಕ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

"ಎಲೆ ಅಂದ್ಯಲ್ಲ. ಓದ ಒಸತೊಡಕಿನಾಗೆ ಕೋಳಿ ತೊಡೆ ಯಾರ ಎಲೇಗೆ ಬಿತ್ತು? ಅದನ್ನೇಳು ಮೊದ್ಲು."

ಲೇತಿಗೆ ಕಟ್ಟಿ ಕಬ್ಬಿಣ ಕೊಯ್ಯುವ, ಕಿರುಬೆರಳಿನಷ್ಟು ಉದ್ದದ ಒಂದು ಉಕ್ಕಿನ ತುಂಡಿಗೆ ಶುರುವಾದ ಜಗಳ ಹೀಗೆ ಮಾವನ ಮನೆಯ ಕೋಳಿ ಸಾರಿನವರೆಗೂ ಹೋಗಿತ್ತು. ತುಂಡಿನ ಒಂದು ತುದಿ ಕೋದಂಡಪ್ಪನ ಕೈಯಲ್ಲಿ, ಇನ್ನೊಂದು ತುದಿ ಮುನಿಶಾಮಿಯ ಕೈಯಲ್ಲಿ. ಇಬ್ಬರೂ ಷಡ್ಡಕರು. ಅಕ್ಕ ಅಂಜಮ್ಮ ಕೋದಂಡಪ್ಪನ ಹೆಂಡತಿ, ತಂಗಿ ಕದಿರಮ್ಮ ಮುನಿಶಾಮಿಯ ಹೆಂಡತಿ. ಇಬ್ಬರಿಗೂ ತಲೆ ನರೆತಿತ್ತು, ಕೋದಂಡಪ್ಪನಿಗೆ ಮೀಸೆಯೂ ನರೆತಿತ್ತು. ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸಿನಲ್ಲಿ ಇಬ್ಬರೂ ಬಂಗಾರಪೇಟೆಯ ರೈಲ್ವೆ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ, ಪೆರುಮಾಳ್ ಮೇಸ್ತ್ರಿಯ ಕೈಕೆಳಗೆ ಲೇತಿನ ಕೆಲಸ ಕಲಿಯುತ್ತಿದ್ದರು.

ಕೋದಂಡಪ್ಪ ಹಲ್ಲು ಕಚ್ಚಿ ಒಂದು ಜಗ್ಗು ಜಗ್ಗಿದ. ಎಣ್ಣೆ ಮೆತ್ತಿದ ಟೂಲು ಅವನ ಬೆರಳಿನಿಂದ ಜಾರಿ ಮುನಿಶಾಮಿಯ ಕೈಯಲ್ಲೇ ಉಳಿಯಿತು. ಕೋದಂಡಪ್ಪ ಮಾತ್ರ ಹಗ್ಗ ಕಿತ್ತ ಎತ್ತಿನ ಹಾಗೆ ಹಿಂದಕ್ಕೆ ಹೋದ. ಎರಡು ಲೇತುಗಳ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಸೋಪು ನೀರಿನ ಡಬ್ಬ. ಕಬ್ಬಿಣ ಕೊಯ್ಯುವಾಗ ಕಾಯದಂತೆ ಬ್ರಷ್ಷಿನಲ್ಲಿ ಅದ್ದಿ ಎರಚಿಕೊಳ್ಳುವ ನೀರು ಅದು. ಕೋದಂಡಪ್ಪನ ಬೆನ್ನು ತಾಗಿದ್ದೇ ಡಬ್ಬ ಮಗುಚಿ, ಬೆಳ್ಳಗಿನ ನೀರು ನೆಲದ ಮೇಲೆಲ್ಲ ಹರಿದು, ಆಗ ತಾನೇ ಒಳಗೆ ಕಾಲಿಡುತ್ತಿದ್ದ ಪೆರುಮಾಳ್ ಮೇಸ್ತ್ರಿಯ ಕ್ಯಾನ್ವಾಸ್ ಬೂಟು ತೋಯಿಸಿತು.

ಪೆರುಮಾಳ್ ನಂದಿದುರ್ಗ ಎಂಬ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಆಯುಸ್ಸೆಲ್ಲ ಲೇತಿನ ಮುಂದೆ ನಿಂತು ರಿಟೈರಾದವನು. ಬಾಯಿ ತುಂಬ ಎಲೆ ಅಡಿಕೆ ಇರುತ್ತಿದ್ದುದರಿಂದ ಜೋರು ಮಾಡುವ ಅಭ್ಯಾಸ ಅವನಿಗಿರಲಿಲ್ಲ. ಈಗಲೂ ಬೂಟು ನೋಡಿಕೊಂಡ, ಹೊರಗೆ ಹೋಗಿ ಉಗಿದ, ಬಂದು ಹೇಳಿದ.

"ಸೋಪ್ ನೀರು ಹೋಯ್ತಾ. ಸರಿಯಪ್ಪಾ. ಇವತ್ತು ಬೇರೆ ನೀರು ಕಲಸೋದಿಲ್ಲೆ. ಇಬ್ಬರೂ ನೀರಿಲ್ಲದೇ ಕೊಯ್ಯಿ."

"ಮೇಸ್ತ್ರಿ, ಇವನೇ..." ಎಂದು ಕೋದಂಡಪ್ಪ ಶುರು ಮಾಡಿದ.

"ನಾನು ಕೇಳಿದ್ನಾ?" ಎಂದ ಪೆರುಮಾಳ್. "ಇವತ್ತು ಪರೀಕ್ಷೆ ಅಂತ ಹೇಳಿದ್ದೆ ತಾನೇ. ಅಕ್ಕಿ ಮಿಲ್ಲಿನವರಿಗೆ ಪಿನ್ನು ಬೇಕು. ಇಬ್ಬರೂ ಒಂದೊಂದು ಮಾಡಿ. ಕ್ಯಾಲಿಪರ್ ಹಿಡಿದು ಅಳೆದು ಮಾಡಬೇಕು, ಬಳೆ ನಾನು ಆಮೇಲೆ ಹಾಕಿ ನೋಡ್ತೀನಿ. ಒಂದು ಸಾರಿ ಚಕ್ಕಿಂದ ಬಿಚ್ಚಿದರೆ ತಿರುಗಿ ಹತ್ತಿಸೋ ಹಾಗಿಲ್ಲ. ಯಾರ ಪಿನ್ನು ಬಳೆಗೆ ಸರಿಯಾಗಿ ಕೂರುತ್ತೋ ಅವನಿಗೆ ಈ ಲೇತು, ಸಂಬಳ. ಇನ್ನೊಬ್ಬ ಮನೆಗೆ."

ಚಕ್ಕು ಎಂದರೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಲೇತಿನ ಬಾಯಿ, ಬಳೆ ಎಂದರೆ ಗೋಡೆಯ ಮೊಳೆಗೆ ನೇತುಹಾಕಿದ್ದ ಉಕ್ಕಿನ ಉಂಗುರ. ಹಿಟ್ಟಿನ ಕೋಲಿನಷ್ಟು ದಪ್ಪದ ಪಿನ್ನು ಅದರೊಳಗೆ ಹೋಗಬೇಕು, ಆದರೆ ಸಡಿಲವಾಗಿರಬಾರದು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಮೇಸ್ತ್ರಿ ಅದನ್ನು ಗುಜರಿ ಬುಟ್ಟಿಗೆ ಎಸೆಯುತ್ತಿದ್ದ.

ಇನ್ನೊಬ್ಬ ಮನೆಗೆ. ಆ ಮಾತು ಕೇಳಿದ್ದೇ ಕೋದಂಡಪ್ಪ ಗೋಡೆಯ ಬಳೆಯನ್ನು ಕಣ್ಣಲ್ಲೇ ಅಳೆಯತೊಡಗಿದ.

ಅವನು ಮೊದಲು ಬಂಡಿಯವನು. ಬೇತಮಂಗಲದಿಂದ ಗಣಿಯ ಊರಿಗೆ ತರಕಾರಿ, ಸೌದೆ, ಹುಲ್ಲು ಹೇರಿಕೊಂಡು ಹೋಗಿ ಬದುಕಿದವನು. ಬಂಡಿಯ ವಿಷಯದಲ್ಲಿ ಅವನ ಮಾತೆಂದರೆ ಮಾತು. ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕಿಸುವ ದಿನ ಅಕ್ಕಪಕ್ಕದ ಊರಿನವರೂ ಅವನನ್ನೇ ಕರೆದು ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಆಮೇಲೆ ಲಾರಿಗಳು ಬಂದವು. ತರಕಾರಿಗೆ ಬಂಡಿ ಹತ್ತುವ ವ್ಯವಧಾನ ಉಳಿಯಲಿಲ್ಲ. ಒಂದು ದಿನ ಅಚ್ಚು ಸರಿಮಾಡಿಸಲು ಪೆರುಮಾಳನ ಶೆಡ್ಡಿಗೆ ಹೋದವನು ಲೇತಿನಿಂದ ಕಬ್ಬಿಣ ಸುರುಳಿ ಸುರುಳಿಯಾಗಿ ಶಾವಿಗೆಯಂತೆ ಇಳಿಯುವುದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತ. ಮನೆಗೆ ಬಂದು ಎತ್ತು ಮಾರಿದ, ಬಂಡಿ ಮಾರಿದ, ಬಂಗಾರಪೇಟೆಯ ಒಂದು ವಠಾರದಲ್ಲಿ ಮನೆ ಮಾಡಿ ಶೆಡ್ಡಿಗೆ ಸೇರಿಕೊಂಡ. ಹಿಂದಕ್ಕೆ ಹೋಗಲು ಈಗ ಅವನಿಗೆ ಬಾರುಕೋಲು ಕೂಡ ಉಳಿದಿರಲಿಲ್ಲ.

ಅಂಜಮ್ಮ ವಠಾರದ ತುಂಬ ಹೇಳಿಕೊಂಡು ಬಂದಳು. "ನಮ್ಮೋರು ಮಿಷನ್ ಕೆಲ್ಸಕ್ಕೆ ಓಗ್ತಾರೆ" ಎಂದು. ಅದು ಕಾಮಸಮುದ್ರದಲ್ಲಿದ್ದ ತಂಗಿಯ ಕಿವಿಗೆ ಬಿತ್ತು. ಕದಿರಮ್ಮ ಅವತ್ತು ಮುದ್ದೆ ತಿನ್ನಲಿಲ್ಲವಂತೆ. ಎಮ್ಮೆ ಮೇಯಿಸಿಕೊಂಡು, ಹಾಲು ಕರೆದುಕೊಂಡು ತನ್ನ ಪಾಡಿಗೆ ತಾನಿದ್ದ ಮುನಿಶಾಮಿಯನ್ನು ಎಮ್ಮೆಯ ಹಗ್ಗ ಬಿಡಿಸಿದ ಹಾಗೆ ಬಿಡಿಸಿ, ಎಮ್ಮೆಗಳನ್ನು ಅವನ ಅಣ್ಣನಿಗೆ ಒಪ್ಪಿಸಿ, ಬಂಗಾರಪೇಟೆಗೆ ಹೊಡೆದುಕೊಂಡು ಬಂದಳು. ಅದೇ ವಠಾರ, ಪಕ್ಕದ ಮನೆ, ಅದೇ ಶೆಡ್ಡು.

ಅಷ್ಟಾಗಿದ್ದರೆ ಕೋದಂಡಪ್ಪ ಸಹಿಸಿಕೊಳ್ಳುತ್ತಿದ್ದನೋ ಏನೋ. ಆದರೆ ಆ ಎಮ್ಮೆಯವನಿಗೆ ಕೈ ಕೂಡಿಬಂತು. ಲೇತಿನ ಹಿಡಿ ತಿರುಗಿಸುವುದರಲ್ಲಿ ಕೆಚ್ಚಲು ಹಿಡಿದವನ ಮೆದು ಇತ್ತು. ಕೋದಂಡಪ್ಪ ಹಿಡಿ ಹಿಡಿದರೆ ಮೂಗುದಾರ ಜಗ್ಗಿದ ಹಾಗಿರುತ್ತಿತ್ತು. ಅಂದಿನಿಂದ ಅಂಜಮ್ಮನ ರಾಗ ಬದಲಾಯಿತು. ಮಜ್ಜಿಗೆ ಹುಳಿಯಾದರೂ ಸರಿ, ಸೂರು ಸೋರಿದರೂ ಸರಿ, ಮಾತು ಮುಗಿಯುವುದು ಒಂದೇ ಕಡೆ. "ನಮ್ ಕದಿರಿ ಗಂಡನ್ನ ನೋಡು."

ಕೋದಂಡಪ್ಪ ದಿನವೂ ನೋಡುತ್ತಿದ್ದ. ತನ್ನ ಲೇತಿನ ಕಡೆ ನೋಡಿದ್ದಕ್ಕಿಂತ ಅವನ ಲೇತಿನ ಕಡೆ ನೋಡಿದ್ದೇ ಹೆಚ್ಚು.

ಇವತ್ತು ಪರೀಕ್ಷೆಯೆಂದು ಅಂಜಮ್ಮ ಅವನಿಗೆ ಪೆಟ್ಟಿಗೆಯಿಂದ ಜರತಾರಿ ಅಂಚಿನ ಪಂಚೆ ತೆಗೆದುಕೊಟ್ಟಿದ್ದಳು. ಲೇತಿನ ಹತ್ತಿರ ಪಂಚೆ ಉಟ್ಟು ಬರಬಾರದೆಂದು ಮೇಸ್ತ್ರಿ ಎಷ್ಟೋ ಸಲ ಹೇಳಿದ್ದ. ಆದರೆ ಮುನಿಶಾಮಿ ಚಡ್ಡಿಯಲ್ಲಿ ಬರುತ್ತಾನೆ, ತಾನು ಅವನ ಸಮಕ್ಕೆ ಚಡ್ಡಿಯಲ್ಲಿ ನಿಲ್ಲಬೇಕೇ ಎಂಬ ಹಟ ಇವನಿಗೆ.

ಬೆಲ್ಟು ಹಾಕಿದರು, ಎರಡೂ ಲೇತು ತಿರುಗತೊಡಗಿದವು. ಒಳ್ಳೆಯ ಟೂಲು ಕೈತಪ್ಪಿದ್ದರಿಂದ ಕೋದಂಡಪ್ಪ ಮೊಂಡು ಟೂಲು ಕಟ್ಟಿಕೊಂಡಿದ್ದ. ಕಬ್ಬಿಣ ಕಿರ್ರೆಂದು ಅರಚಿತು, ಹೊಗೆ ಎದ್ದಿತು, ಸುರುಳಿ ನೀಲಿಯಾಗಿ ಸುಟ್ಟು ಇಳಿಯಿತು. ಕೋದಂಡಪ್ಪನ ಕಣ್ಣು ಮಾತ್ರ ಪಕ್ಕದ ಲೇತಿನ ಮೇಲೆ. ಮುನಿಶಾಮಿ ಅವಸರವಿಲ್ಲದೆ ಕೊಯ್ಯುತ್ತಿದ್ದ. ಆಗಾಗ ಕಿಟಕಿಯಿಂದ ಕಾಮಸಮುದ್ರದ ಬಸ್ಸು ನಿಲ್ಲುವ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದ.

"ಏನ್ಲಾ, ಕೆಲ್ಸ ಬುಟ್ಟು ರಸ್ತೆ ನೋಡ್ತೀಯ?"

"ಎಮ್ಮೆ ಈಯೋ ಒತ್ತು ಅಣ್ಣ. ಇವತ್ತೋ ನಾಳೆಯೋ. ಚೊಚ್ಚಲು. ನಮ್ಮಣ್ಣನಿಗೆ ಏನೂ ಗೊತ್ತಾಗಕಿಲ್ಲ."

ಇಂಥ ದಿನ ಎಮ್ಮೆಯ ಯೋಚನೆ ಮಾಡುತ್ತಾನೆಂದರೆ ಇವನಿಗೆ ಎಷ್ಟು ಧೈರ್ಯವಿರಬೇಕು ಎಂದುಕೊಂಡ ಕೋದಂಡಪ್ಪ. ಗೆದ್ದೇ ಗೆಲ್ಲುತ್ತೇನೆಂಬ ಕೊಬ್ಬು. ಮುನಿಶಾಮಿ ಎಷ್ಟು ಕೊಯ್ದಿದ್ದಾನೆ ನೋಡೋಣವೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕತ್ತು ಚಾಚಿದ.

ಅಷ್ಟೇ. ಲೇತಿನ ಉದ್ದನೆಯ ತಿರುಪು ಪಂಚೆಯ ಅಂಚನ್ನು ಕಚ್ಚಿಕೊಂಡಿತು. ಕಚ್ಚಿದ್ದು ಬಿಡಲಿಲ್ಲ. ದುಶ್ಶಾಸನನೇ ಎದ್ದು ಬಂದಂತೆ ಸುತ್ತು ಸುತ್ತಿಗೆ ಎಳೆಯತೊಡಗಿತು. ಕೋದಂಡಪ್ಪ ಬುಗುರಿಯ ಹಾಗೆ ಎರಡು ಸುತ್ತು ತಿರುಗಿ, ಮೂರನೆಯ ಸುತ್ತಿಗೆ ಅಂಗಿ, ನಿಕ್ಕರು, ಮೀಸೆ ಇಷ್ಟರಲ್ಲೇ ನಿಂತ. ಮೂಲೆಯಲ್ಲಿ ಅರ ಉಜ್ಜುತ್ತಿದ್ದ ಆರುಮುಗಂ ಓಡಿಬಂದು ಬೆಲ್ಟು ತಳ್ಳಿ ಲೇತು ನಿಲ್ಲಿಸಿದ. ಆರುಮುಗಂ ಶೆಡ್ಡಿನಲ್ಲಿ ಚೂಪು ಅಂಚು ಉಜ್ಜುವ ಕೆಲಸದವನು. ಅರ ಬಿಟ್ಟರೆ ಬೇರೆ ಏನನ್ನೂ ಕೇಳಿದವನಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ಟೀ ಕೆಟಲು ಹಿಡಿದ ಮುತ್ಯಾಲಮ್ಮ ನಿಂತಿರಬೇಕೇ. ಬಸ್ ಸ್ಟ್ಯಾಂಡಿನಲ್ಲಿ ಟೀ ಮಾರುವ ಮುತ್ಯಾಲಮ್ಮ, ಕೋದಂಡಪ್ಪನ ವಠಾರದವಳು. ಕೆಟಲಿನಲ್ಲಿ ಟೀ ಮುಗಿದರೂ ಅವಳ ಬಾಯಲ್ಲಿ ಸುದ್ದಿ ಮುಗಿಯುತ್ತಿರಲಿಲ್ಲ.

"ಕೋದಂಡಣ್ಣ, ಎತ್ತು ಮಾರ್ದೆ, ಬಂಡಿ ಮಾರ್ದೆ. ಈಗ ಪಂಚೇನೂ ಕೊಟ್ಬುಟ್ಯಾ?"

"ನೀನು ಓಗಮ್ಮ ಸುಮ್ನೆ."

"ಓಗ್ತೀನಪ್ಪ. ಅಂಜಮ್ಮಂಗೆ ಏಳ್ಬೇಕಲ್ಲ, ಬೇರೆ ಪಂಚೆ ತರಾಕೆ." ಟೀ ಕೊಡುವುದನ್ನೂ ಮರೆತು ಅವಳು ಸರಸರ ವಠಾರದ ದಾರಿ ಹಿಡಿದಳು.

ಆರುಮುಗಂ ತನ್ನ ಹಳೆಯ ಖಾಕಿ ಚಡ್ಡಿ ಕೊಟ್ಟ. ಅದು ಕೋದಂಡಪ್ಪನ ಸೊಂಟ ಬಳಸುವ ಹೊತ್ತಿಗೆ ಗುಂಡಿ ಒಂದು ಊರಲ್ಲಿ, ಕಾಜ ಒಂದು ಊರಲ್ಲಿ. ಸೆಣಬಿನ ಹುರಿಯಿಂದ ಕಟ್ಟಿಕೊಂಡು ಮತ್ತೆ ಲೇತಿಗೆ ನಿಂತ. ಪಂಚೆ ಹೋಯಿತು, ಮರ್ಯಾದೆ ಹೋಯಿತು, ಇನ್ನು ಪಿನ್ನೂ ಹೋದರೆ ಎಂಬ ಭಯಕ್ಕೆ ಹಿಡಿಯನ್ನು ಮೆಲ್ಲಗೆ ತಿರುಗಿಸಿದ. ಕ್ಯಾಲಿಪರ್ ಹಿಡಿದು ನೋಡಿದ. ಇನ್ನೊಂದು ಕೂದಲೆಳೆ ಕೊಯ್ಯಬೇಕು ಅನ್ನಿಸಿತು. ಕೊಯ್ದು ಹೆಚ್ಚಾಗಿಬಿಟ್ಟರೆ? ಕೊಯ್ದ ಕಬ್ಬಿಣವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಬೆವರು ಒರೆಸಿಕೊಂಡ. ಮತ್ತೆ ಅಳೆದ. ಕೊನೆಗೆ ಧೈರ್ಯ ಸಾಲದೆ ಅಲ್ಲಿಗೇ ನಿಲ್ಲಿಸಿ ಬಿಚ್ಚಿಬಿಟ್ಟ. ಪಿನ್ನು ಒಲೆಯಿಂದ ತೆಗೆದ ಹಂಚಿನಂತೆ ಕಾದಿತ್ತು. ಟವಲಿನಲ್ಲಿ ಹಿಡಿದು ಆಚೆಗಿಟ್ಟ.

ಪಕ್ಕದಲ್ಲಿ ಮುನಿಶಾಮಿಯೂ ತನ್ನ ಪಿನ್ನು ಬಿಚ್ಚಿದ.

ಪೆರುಮಾಳ್ ಬಂದು ಎರಡನ್ನೂ ನೋಡಿದ, ಮುಟ್ಟಲಿಲ್ಲ. "ನಿನ್ನದು ನಿನ್ನ ಡಬ್ಬದಲ್ಲಿಡು, ನಿನ್ನದು ನಿನ್ನ ಡಬ್ಬದಲ್ಲಿಡು. ನಾನು ಮನೆಗೆ ಹೋಗಿ ಸಾಪಾಡು ಉಂಡು ಮುಗಿಸಿ, ಸ್ವಲ್ಪ ತಲೆ ಕೆಳಗೆ ಹಾಕಿ ಬರ್ತೀನಿ. ಆಮೇಲೆ ಬಳೆ." ಅಷ್ಟು ಹೇಳಿ ಹೊರಟುಹೋದ. ಕಿಟಕಿಯ ಕಟ್ಟೆಯ ಮೇಲೆ ಇಬ್ಬರದೂ ಒಂದೊಂದು ತಗಡಿನ ಡಬ್ಬವಿತ್ತು, ಬೀಡಿ, ಕ್ಯಾಲಿಪರ್ ಇಟ್ಟುಕೊಳ್ಳಲು. ಕೋದಂಡಪ್ಪನದು ಕೆಂಪು, ಮುನಿಶಾಮಿಯದು ಹಸಿರು.

ಪಿನ್ನುಗಳು ಇನ್ನೂ ಡಬ್ಬ ಸೇರಿರಲಿಲ್ಲ, ಅಷ್ಟರಲ್ಲಿ ಹೆಂಗಸರು ಬಂದರು. ಅಂಜಮ್ಮನ ತಲೆಯ ಮೇಲೆ ಊಟದ ಬುಟ್ಟಿ, ಕೈಯಲ್ಲಿ ಹಳೆಯ ಪಂಚೆ. ಹಿಂದೆ ಕದಿರಮ್ಮ, ಅವಳ ಹಿಂದೆ ಮುತ್ಯಾಲಮ್ಮ. ಅಂಜಮ್ಮ ಗಂಡನ ಚಡ್ಡಿಯನ್ನೂ ಹುರಿಯನ್ನೂ ಮೇಲಿಂದ ಕೆಳಕ್ಕೆ ನೋಡಿದಳು.

"ಜರತಾರಿ ಪಂಚೆ ಎಲ್ಲಯ್ಯ?"

ಕೋದಂಡಪ್ಪ ಲೇತಿನ ಕಡೆ ಬೆರಳು ತೋರಿಸಿದ.

"ಕದಿರಿ ಗಂಡನ್ನ ನೋಡು," ಎಂದಳು ಅಂಜಮ್ಮ. "ಮೈಮೇಲೆ ಒಂದು ಎಣ್ಣೆ ಚುಕ್ಕೆ ಇಲ್ಲ."

"ನಮ್ಮೋರು ಅಂಗೇ ಅಕ್ಕ, ಸೂಕ್ಷ್ಮ," ಎಂದಳು ಕದಿರಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

"ಅದ್ಯಾವುದೋ ಬಳೆ ಅಂದ್ರಲ್ಲ, ಆಕಿ ನೋಡ್ರವ್ವ ಈಗ್ಲೇ," ಎಂದು ಮುತ್ಯಾಲಮ್ಮ ಮೊಳೆಯಿಂದ ಉಂಗುರವನ್ನು ತೆಗೆದೇಬಿಟ್ಟಳು. "ಯಾರ್ದು ಗೆಲ್ತೈತೆ ಅಂತ ಊಟಕ್ಕೆ ಮುಂಚೆ ಗೊತ್ತಾದ್ರೆ ಊಟಾನಾದ್ರೂ ಇಳೀತೈತೆ."

"ಮೇಸ್ತ್ರಿ ಬರ್ಲಿ ಬುಡಿ," ಎಂದ ಮುನಿಶಾಮಿ.

ಕದಿರಮ್ಮ ಅವನ ಮಾತು ಕೇಳುವ ಹೆಂಗಸಲ್ಲ. ಗಂಡನ ಪಿನ್ನನ್ನು ಸೆರಗಿನಲ್ಲಿ ಹಿಡಿದಳು. "ಅಯ್ಯಮ್ಮ, ಏನ್ ಕಾದೈತೆ" ಎಂದು ಉಫ್ ಉಫ್ ಎನ್ನುತ್ತಲೇ ಬಳೆ ತೊಡಿಸಿದಳು. ಬಳೆ ತುಪ್ಪ ಸವರಿದಂತೆ ಸೊಗಸಾಗಿ ಇಳಿದು ನಡುವೆ ಕೂತಿತು. ಅಲ್ಲಾಡಲಿಲ್ಲ. ಮುತ್ಯಾಲಮ್ಮ ಲೊಚಗುಟ್ಟಿದಳು. ಕದಿರಮ್ಮ ಬಳೆ ಕಳಚಿ ಪಿನ್ನನ್ನು ಹಸಿರು ಡಬ್ಬಕ್ಕೆ ಹಾಕಿದಳು.

ಅಂಜಮ್ಮನಿಗೆ ತಡೆಯಲಾಗಲಿಲ್ಲ. ತನ್ನ ಗಂಡನ ಪಿನ್ನನ್ನೂ ಸೆರಗಿನಲ್ಲಿ ಹಿಡಿದು ಬಳೆ ಇಟ್ಟಳು. ಹೋಗಲಿಲ್ಲ. ತಿರುಗಿಸಿದಳು. ಹೋಗಲಿಲ್ಲ. ಬಳೆಗಾರನ ಮುಂದೆ ದಪ್ಪ ಕೈ ಕೊಟ್ಟು ಕೂತವರ ಹಾಗೆ ತುಟಿ ಕಚ್ಚಿ ಒತ್ತಿದಳು. ಬಳೆ ಬಾಯಿಗೇ ನಿಂತಿತು.

"ಇಲ್ಲೂ ಸೊಂಟ ದಪ್ಪ," ಎಂದಳು ಮುತ್ಯಾಲಮ್ಮ, ಖಾಕಿ ಚಡ್ಡಿಯ ಕಡೆ ನೋಡುತ್ತ.

ಅಂಜಮ್ಮ ಪಿನ್ನನ್ನು ಗಂಡನ ಡಬ್ಬದೊಳಗೆ ಠಣ್ಣೆಂದು ಹಾಕಿ, ಒಂದು ಮಾತೂ ಆಡದೆ ಹೊರಗೆ ಹೋದಳು. ಅವಳು ಮಾತಾಡದೆ ಹೋದದ್ದು ಮದುವೆಯಾದಮೇಲೆ ಇದೇ ಮೊದಲು. ಬೈದಿದ್ದರೆ ಕೋದಂಡಪ್ಪ ಬದುಕಿಕೊಳ್ಳುತ್ತಿದ್ದ.

ಎಲ್ಲರೂ ಶೆಡ್ಡಿನ ಪಕ್ಕದ ಹೊಂಗೆ ಮರದ ಕೆಳಗೆ ಊಟಕ್ಕೆ ಕೂತರು. ಕೋದಂಡಪ್ಪ ತನ್ನ ಮುದ್ದೆಯನ್ನು ಸಾರಿನಲ್ಲಿ ಅತ್ತಿತ್ತ ಹೊರಳಿಸುತ್ತಿದ್ದ. ಎದುರಿಗೆ ಮುನಿಶಾಮಿ ಒಂದಾದ ಮೇಲೊಂದು ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುತ್ತಿದ್ದ. ಇವನು ನಾಳೆಯಿಂದ ಸಂಬಳದವನು. ಬಂಡಿ ಸ್ಟ್ಯಾಂಡಿನವರೆಲ್ಲ ಕೇಳುತ್ತಾರೆ, ಏನು ಕೋದಂಡಪ್ಪ, ಮಿಷನ್ ಕೆಲಸ ಏನಾಯ್ತು ಎಂದು. ಅದನ್ನಾದರೂ ಸಹಿಸಬಹುದು. ಗೋಡೆಯಾಚೆಯಿಂದ ಕದಿರಮ್ಮ ದಿನಾ ಬೆಳಿಗ್ಗೆ, ಕೆಲಸಕ್ಕೆ ಹೊತ್ತಾಯ್ತು ಏಳಿ ಎಂದು ಗಂಡನನ್ನು ಎಬ್ಬಿಸುವುದನ್ನು, ಆ ದನಿ ತನ್ನ ಮನೆಗೂ ಕೇಳಲಿ ಎಂದೇ ಎಬ್ಬಿಸುವುದನ್ನು, ಅಂಜಮ್ಮನ ಪಕ್ಕದಲ್ಲಿ ಮಲಗಿಕೊಂಡು ಹೇಗೆ ಕೇಳುವುದು?

ಮುದ್ದೆ ಹೊರಳಿಸುತ್ತಿದ್ದ ಕೈ ನಿಂತಿತು.

"ನೀರು ಕುಡ್ದು ಬತ್ತೀನಿ," ಎಂದು ಎದ್ದ.

"ಚೊಂಬಿನಾಗೇ ಐತಲ್ಲ ನೀರು," ಎಂದಳು ಅಂಜಮ್ಮ.

"ಶೆಡ್ಡಿನ ಮಡಕೆ ನೀರು ತಣ್ಗಿರ್ತೈತೆ."

ಶೆಡ್ಡಿನೊಳಗೆ ಯಾರೂ ಇರಲಿಲ್ಲ. ಕೆಂಪು ಡಬ್ಬದಿಂದ ಇನ್ನೂ ಬಿಸಿಯಾರದ ತನ್ನ ಪಿನ್ನನ್ನು ಟವಲಿನಲ್ಲಿ ಹಿಡಿದು ತೆಗೆದ. ಹಸಿರು ಡಬ್ಬದಿಂದ ಮುನಿಶಾಮಿಯದನ್ನು ತೆಗೆದ. ತನ್ನದನ್ನು ಹಸಿರು ಡಬ್ಬಕ್ಕೆ ಹಾಕಿದ. ಮುನಿಶಾಮಿಯದನ್ನು ಕೆಂಪು ಡಬ್ಬಕ್ಕೆ ಹಾಕಬೇಕು, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಕೋದಂಡಪ್ಪ ಕೈಯಲ್ಲಿದ್ದ ಪಿನ್ನನ್ನು ಗಬಕ್ಕನೆ ಚಡ್ಡಿಯ ಹುರಿಯೊಳಕ್ಕೆ ಸಿಕ್ಕಿಸಿ ಅಂಗಿ ಇಳಿಬಿಟ್ಟ.

ಆರುಮುಗಂ ಬೀಡಿಗೆ ಬೆಂಕಿಪೊಟ್ಟಣ ಹುಡುಕಿಕೊಂಡು ಬಂದಿದ್ದ. "ಏನಣ್ಣಾ, ಡಬ್ಬದ ಹತ್ರ ನಿಂತಿದ್ದೀಯ?"

"ಬೀಡಿ," ಎಂದ ಕೋದಂಡಪ್ಪ. ಪಿನ್ನು ಹೊಕ್ಕುಳ ಪಕ್ಕದಲ್ಲಿ ಚುರುಗುಟ್ಟುತ್ತಿತ್ತು.

"ನೀನು ಬೀಡಿ ಬಿಟ್ಟಿದ್ದೆಯಲ್ಲ."

"ಇವತ್ತು ಸೇದ್ಬೇಕು ಅನ್ನಿಸ್ತು." ಕಣ್ಣಲ್ಲಿ ನೀರು ಬಂತು.

"ಅಳ್ತೀಯಾ ಅಣ್ಣಾ? ಒಂದು ಪಿನ್ನಿಗೆ ಯಾರಾದರೂ ಅಳ್ತಾರಾ?" ಆರುಮುಗಂ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಲು ನಿಂತ. ಅವನು ಬಲು ನಿಧಾನಸ್ಥ. ತನ್ನ ಅಪ್ಪನ ಕತೆ, ಚಿಕ್ಕಪ್ಪನ ಕತೆ ಎರಡನ್ನೂ ಹೇಳಿ, ಬೀಡಿ ಹಚ್ಚಿ, ಒಂದನ್ನು ಇವನ ಬಾಯಿಗೂ ಇಟ್ಟು, ಆಮೇಲೆ ಹೊರಗೆ ಹೋದ. ಅವನ ಬೆನ್ನು ಮರೆಯಾದದ್ದೇ ಕೋದಂಡಪ್ಪ ಪಿನ್ನು ಕಿತ್ತು ಕೆಂಪು ಡಬ್ಬಕ್ಕೆ ಎಸೆದು, ಅಂಗಿ ಎತ್ತಿ, ಮಡಕೆಯ ನೀರನ್ನು ಹೊಟ್ಟೆಗೇ ಸುರಿದುಕೊಂಡ. ಹೊಕ್ಕುಳ ಪಕ್ಕದಲ್ಲಿ ಪಿನ್ನಿನ ಉದ್ದಕ್ಕೂ ಕೆಂಪಗೆ ಬರೆ ಎದ್ದಿತ್ತು. ಆದರೂ ಇಷ್ಟು ದಿನ ಅದೇ ಜಾಗದಲ್ಲಿ ಒಳಗಿನಿಂದ ಸುಡುತ್ತಿದ್ದುದು ಈಗ ತಣ್ಣಗಾದಂತಿತ್ತು. ಮರದಡಿಗೆ ಹೋಗಿ ಎರಡು ಮುದ್ದೆ ಉಂಡ.

ಪೆರುಮಾಳ್ ನಿದ್ದೆ ಮುಗಿಸಿ ಬರುವಷ್ಟರಲ್ಲಿ ಬಿಸಿಲು ಇಳಿಯತೊಡಗಿತ್ತು. ಶೆಡ್ಡಿನೊಳಗೆ ಎಲ್ಲರೂ ಸುತ್ತ ನಿಂತರು. ಮುತ್ಯಾಲಮ್ಮನೂ ವ್ಯಾಪಾರ ಬಿಟ್ಟು ನಿಂತಿದ್ದಳು.

ಮೇಸ್ತ್ರಿ ಮೊದಲು ಕೆಂಪು ಡಬ್ಬ ತೆರೆದ. ಕೋದಂಡಪ್ಪ ಎದೆ ಸೆಟೆದು ಮೀಸೆಯ ಮೇಲೆ ಕೈಯಾಡಿಸಿದ. ಪೆರುಮಾಳ್ ಬಳೆ ಹಿಡಿದು ಪಿನ್ನನ್ನು ಅದರ ಬಾಯಿಗಿಟ್ಟ. ಪಿನ್ನು ಹೋಯಿತು. ಹೋದದ್ದು ನಿಲ್ಲಲಿಲ್ಲ. ಬಾವಿಗೆ ಬಿದ್ದ ಕೊಡದಂತೆ ಜಾರಿ ಆಚೆಯ ಕಡೆಯಿಂದ ಹೊರಬಂದು ನೆಲದ ಮೇಲೆ ಠಣ್ಣೆಂದಿತು.

"ಸಡಿಲ," ಎಂದ ಪೆರುಮಾಳ್.

ಕೋದಂಡಪ್ಪ ನೆಲ ನೋಡಿದ, ಬಳೆ ನೋಡಿದ. ಕೈ ಮೀಸೆಯ ಮೇಲೇ ಉಳಿದಿತ್ತು.

ಮೇಸ್ತ್ರಿ ಹಸಿರು ಡಬ್ಬದ ಪಿನ್ನು ತೆಗೆದ. ಮಧ್ಯಾಹ್ನ ಬಳೆಯ ಬಾಯಿಗೇ ಸಿಕ್ಕಿಕೊಂಡಿದ್ದ ಅದೇ ಪಿನ್ನು ಈಗ ಮೆಲ್ಲಗೆ ಒಳಗೆ ಸರಿದು, ಬೆರಳು ಎಲ್ಲಿ ಬಿಟ್ಟಿತೋ ಅಲ್ಲಿ ನಿಂತಿತು. ಪೆರುಮಾಳ್ ಬಳೆಯನ್ನು ತಲೆಕೆಳಗು ಮಾಡಿದ. ಬೀಳಲಿಲ್ಲ. ಅವನ ಮುಖದ ಮೇಲೆ ಆ ಶೆಡ್ಡಿನಲ್ಲಿ ಯಾರೂ ಕಾಣದ ನಗು ಬಂತು.

"ಗಣೀಲಿ ಇದ್ದಾಗ ಇಂಥ ಪಿನ್ನು ನೋಡಿದ್ದೆ. ಮುನಿಶಾಮಿ, ಲೇತು ನಿಂದು."

ಕದಿರಮ್ಮ ಅಕ್ಕನ ಕಡೆ ತಿರುಗಿದಳು. ಸೆರಗನ್ನು ಇನ್ನೊಮ್ಮೆ ಸರಿಮಾಡಿಕೊಂಡಳು. ಆದರೆ ಗೆದ್ದ ಮುನಿಶಾಮಿಯ ಮುಖ ಮಾತ್ರ ಕಟ್ಟಿದ ಎಮ್ಮೆ ಸತ್ತವನ ಮುಖದಂತೆ ಜೋತುಬಿದ್ದಿತ್ತು.

"ಆಗಕಿಲ್ಲ ಮೇಸ್ತ್ರಿ," ಎಂದ. "ಇದು ನಂದಲ್ಲ."

"ಏನು ನಿಂದಲ್ಲ?"

"ಪಿನ್ನು. ನಂದು ಸಡಿಲ ಆಗ್ಬೇಕಿತ್ತು. ಸಡಿಲ ಆಗ್ಲೀಂತ್ಲೇ ಮಾಡಿದ್ದು." ಹೆಂಡತಿಯ ಕಡೆ ನೋಡದೆ ಒಂದೇ ಉಸಿರಿನಲ್ಲಿ ಹೇಳಿದ. "ನಂಗೆ ಈ ಕೆಲ್ಸ ಬ್ಯಾಡ ಮೇಸ್ತ್ರಿ. ಬಂದ ದಿನದಿಂದ್ಲೂ ಬ್ಯಾಡ. ಅಕ್ಕನ ಗಂಡ ಮಾಡ್ತಾನೆ, ನೀನೂ ಮಾಡೂಂತ ಇವಳು ಎಳ್ಕಂಡ್ ಬಂದ್ಲು. ಬ್ಯಾಡ ಅಂದ್ರೆ ಮನೇಲಿ ಅನ್ನ ಉಟ್ಟಕಿಲ್ಲ. ಪರೀಕ್ಸೇಲಿ ಸೋತ್ರೆ ಯಾರ್ದೂ ತಪ್ಪಿರಕಿಲ್ವಲ್ಲ. ಅದ್ಕೇ ಕಾದಿರೋವಾಗ್ಲೇ ಬಳೆಗೆ ಸರಿಯಾಗೋ ಅಂಗೆ ಕೊಯ್ದೆ. ತಣ್ಗಾದ್ರೆ ಕುಗ್ಗಿ ಸಡಿಲ ಆಗ್ಲೇಬೇಕು. ಬಂಡಿ ಪಟ್ಟಾ ಆಕಾಕಿಲ್ವಾ, ಬೆಂಕೀಲಿ ಕಾಸಿ ಇಗ್ಗಿಸಿ, ಚಕ್ರಕ್ಕೆ ಕೂರ್ಸಿ, ನೀರು ಉಯ್ದ್ರೆ ಕಚ್ಕಣ್ತೈತಲ್ಲ, ಅಂಗೇ. ಕೋದಂಡಣ್ಣಂಗೆ ಗೊತ್ತಲ್ಲ. ಏಳಣ್ಣ ನೀನು."

ಎಲ್ಲರೂ ಕೋದಂಡಪ್ಪನ ಕಡೆ ನೋಡಿದರು. ಮೂರು ಊರಿನ ಚಕ್ರಗಳಿಗೆ ಪಟ್ಟಾ ಹಾಕಿಸಿದವನು ನೆಲದ ಮೇಲಿನ ಪಿನ್ನಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕೈ ಮೀಸೆಯಿಂದ ಇಳಿದು ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು.

ಆರುಮುಗಂ ನಿಧಾನವಾಗಿ ಬೀಡಿ ಬಾಯಿಂದ ತೆಗೆದ. "ಅಣ್ಣಾ, ಮಧ್ಯಾಹ್ನ ನೀನು ಡಬ್ಬದ ಹತ್ರ ಅಳ್ತಾ ಇದ್ದೆಯಲ್ಲ."

ಅಂಜಮ್ಮ ಬಂದು ಗಂಡನ ಕೈ ಸರಿಸಿ ಅಂಗಿ ಎತ್ತಿದಳು. ಹೊಕ್ಕುಳ ಪಕ್ಕದ ಬರೆಯನ್ನು ಎಲ್ಲರೂ ಬಗ್ಗಿ ನೋಡಿದರು. ಮುತ್ಯಾಲಮ್ಮ ನೆಲದ ಮೇಲೆ ಬಿದ್ದಿದ್ದ ಪಿನ್ನನ್ನು ಎತ್ತಿಕೊಂಡು ಬರೆಯ ಪಕ್ಕಕ್ಕೆ ಹಿಡಿದಳು. ಉದ್ದ ಸರಿಹೋಯಿತು.

"ಅಂದ್ರೆ ಬೀಳ್ದೆ ನಿಂತ್ಕಂಡ ಆ ಪಿನ್ನು ನಮ್ಮೋರ್ದಾ?" ಎಂದಳು ಅಂಜಮ್ಮ. "ಗೆದ್ದಿದ್ದು ನಮ್ಮೋರಾ?"

"ಕಾದಾಗ ದಪ್ಪ, ತಣ್ಣಗಾದ ಮೇಲೆ ಸರಿ. ಗೆದ್ದು, ಗೆದ್ದಿದ್ದನ್ನ ತಗೊಂಡು ಹೋಗಿ ಬೇರೆಯವನ ಡಬ್ಬಕ್ಕೆ ಹಾಕಿದಾನೆ," ಎಂದ ಪೆರುಮಾಳ್. ಹೊರಗೆ ಹೋಗಿ ಉಗಿದು ಬಂದ. "ಗಣೀಲಿ ಚಿನ್ನ ಕದಿಯೋರನ್ನ ಬೇಕಾದಷ್ಟು ನೋಡಿದ್ದೀನಮ್ಮಾ. ಮನೆಯಿಂದ ಚಿನ್ನ ತಂದಿಟ್ಟು ಕಲ್ಲು ಕದ್ದುಕೊಂಡು ಹೋಗೋನನ್ನ ಇವತ್ತೇ ನೋಡಿದ್ದು."

"ಮೇಸ್ತ್ರಿ, ಬುದ್ಧಿ ಇಲ್ದೆ..." ಎಂದ ಕೋದಂಡಪ್ಪ. "ಪಿನ್ನು ನಂದೇ ಅಲ್ವಾ. ಲೇತು ನಂಗೇ..."

"ನಿನ್ನ ಕೈ ಸರಿಯಾಗಿದೆ ಕೋದಂಡಪ್ಪಾ. ಕಣ್ಣು ಪಕ್ಕದ ಲೇತಿನ ಮೇಲಿದೆ. ಇವತ್ತು ಪಂಚೆ ಹೋಯ್ತು. ನಾಳೆ ಬೆರಳು ಹೋಗುತ್ತೆ. ಬೆರಳು ತಂದು ಕೊಡೋದಕ್ಕೆ ನನ್ನ ಹತ್ರ ಅಂಗಡಿ ಇಲ್ಲೆ." ಮೇಸ್ತ್ರಿ ಸುತ್ತ ನೋಡಿದ. "ಆರುಮುಗಂ, ನಾಳೆಯಿಂದ ಈ ಲೇತು ನೀನು ನೋಡಿಕೋಪ್ಪಾ. ನಿನಗೆ ನಿನ್ನ ಬೀಡಿ ಬಿಟ್ಟು ಬೇರೆ ಕಡೆ ಕಣ್ಣೇ ಹೋಗಲ್ಲ. ಕೋದಂಡಪ್ಪ ಇರೋದಾದರೆ ಇರಲಿ, ಪಕ್ಕದಲ್ಲಿ ನಿಂತು ಸೋಪ್ ನೀರು ಎರಚಲಿ. ಚೆಲ್ಲಿದ್ದು ಅವನೇ ತಾನೇ."

ಆರುಮುಗಂ ಏನೂ ಅರ್ಥವಾಗದೆ ಬೀಡಿಯನ್ನು ಮತ್ತೆ ಬಾಯಿಗಿಟ್ಟುಕೊಂಡ. ಕೋದಂಡಪ್ಪ ಅವನನ್ನು ನೋಡಿದ. ಇಷ್ಟು ದಿನ ಮೂಲೆಯಲ್ಲಿದ್ದಾನೆಂದೇ ಗಮನಿಸಿರಲಿಲ್ಲ. ಈಗ ನೋಡಿದರೆ ಅವನ ಬೆರಳುಗಳು ಎಷ್ಟು ನೀಳವಾಗಿವೆ ಅನ್ನಿಸಿತು. ಹೊಟ್ಟೆಯಲ್ಲಿ ಬರೆಯ ಪಕ್ಕಕ್ಕೇ ಇನ್ನೊಂದು ಉರಿ ಎದ್ದಿತು.

ಹೊರಗೆ ಕಾಮಸಮುದ್ರದ ಬಸ್ಸು ಹಾರನ್ನು ಕೊಟ್ಟಿತು. ಮುನಿಶಾಮಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಲೇತಿಗೆ ಕಟ್ಟಿದ್ದ ಟೂಲು ಬಿಚ್ಚಿ ಕೋದಂಡಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ತಗೋ ಅಣ್ಣ, ಇದು ನಿಂದೇ. ಬತ್ತೀನಿ."

"ಎಲ್ಲಿಗೆ?" ಎಂದಳು ಕದಿರಮ್ಮ.

"ಎಮ್ಮೆ ಈಯ್ತೈತೆ," ಎಂದು ಅವನು ಬಾಗಿಲು ದಾಟಿ ನಡೆದ. ಕರೆದರೂ ತಿರುಗಲಿಲ್ಲ. ಹೊರಟಿದ್ದ ಬಸ್ಸಿನ ಹಿಂದೆ ಓಡಿ, ಹಿಂದಿನ ಏಣಿ ಹಿಡಿದು ಹತ್ತಿಯೇಬಿಟ್ಟ. ಬಂಗಾರಪೇಟೆಗೆ ಬಂದಮೇಲೆ ಅವನು ಓಡಿದ್ದನ್ನು ಯಾರೂ ನೋಡಿರಲಿಲ್ಲ.

"ಓಗ್ಲಿ ಬುಡಕ್ಕ. ಸಂಜೆ ಬಸ್ಸಿಗೆ ಬತ್ತಾನೆ," ಎಂದಳು ಕದಿರಮ್ಮ, ದನಿ ಸಣ್ಣಗೆ ಮಾಡಿಕೊಂಡು.

ಅಂಜಮ್ಮ ಧೂಳು ಎದ್ದ ರಸ್ತೆಯನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನಮ್ ಕದಿರಿ ಗಂಡನ್ನ ನೋಡು. ಬ್ಯಾಡ ಅಂದ್ರೆ ಬ್ಯಾಡ ಅಂತ ಎಂಗೆ ಓಗ್ಬುಟ್ಟ. ನೀನೂ ಇದೀಯ."

ಅವತ್ತು ಸಂಜೆಯ ಬಸ್ಸಿಗೆ ಮುನಿಶಾಮಿ ಬರಲಿಲ್ಲ. ಮಾರನೆಯ ದಿನ ಸಂಜೆಯ ಬಸ್ಸೂ ಬಂತು. ಅದರಿಂದ ಸಂತೆಯವರು ಇಳಿದರು, ಕೋಳಿ ಬುಟ್ಟಿಗಳು ಇಳಿದವು, ಮುನಿಶಾಮಿ ಇಳಿಯಲಿಲ್ಲ. ಕಂಡಕ್ಟರನ ಹತ್ತಿರ ಸುದ್ದಿ ಕೇಳಿಕೊಂಡು ಮುತ್ಯಾಲಮ್ಮ ಶೆಡ್ಡಿಗೆ ಬಂದಾಗ, ಆರುಮುಗಂ ಲೇತಿನ ಮುಂದೆ ಕೈ ಪಳಗಿಸುತ್ತಿದ್ದ. ಕೋದಂಡಪ್ಪ ಹೊಸದಾಗಿ ಕಲಸಿದ ಸೋಪು ನೀರಿನ ಡಬ್ಬ ಹಿಡಿದು ಬ್ರಷ್ಷಿನಿಂದ ಎರಚುತ್ತಿದ್ದ.

"ನಿನ್ ಷಡ್ಡಕ ಇನ್ನು ಈ ಕಡೆ ತಲೆ ಆಕಾಕಿಲ್ವಂತೆ ಕೋದಂಡಣ್ಣ. ಅವನು ಓಗೋ ಒತ್ತಿಗೆ ಸರಿಯಾಗಿ ಎಮ್ಮೆ ಈಯ್ತಂತೆ."

ಬ್ರಷ್ಷು ನಿಂತಿತು.

"ಗಂಡ್ಗರಾ, ಎಣ್ಗರಾ?" ಎಂದು ಕೇಳಿದ ಕೋದಂಡಪ್ಪ.

"ಒಂದಲ್ಲ ಕಣಪ್ಪ, ಎಲ್ಡು," ಎಂದಳು ಮುತ್ಯಾಲಮ್ಮ. "ಎಲ್ಡೂ ಎಣ್ಗರಾನೇ."